ಕಾರಂಜಾ ನೀರಿನಲ್ಲಿ ಬಿದ್ದ ಹಾಯಿಗಂಬ

ಕಂಬ ಬಿದ್ದ ಸದ್ದು ನನಗೆ ನೆನಪಿಲ್ಲ. ಬಿದ್ದ ಮೇಲಿನ ನಿಶ್ಶಬ್ದವಷ್ಟೇ ನೆನಪಿದೆ. ಅದೂ ನಿಜವಿರಲಾರದು. ಹರಿದ ಹಾಯಿ ನೀರಿನ ಮೇಲೆ ಬಹಳ ಹೊತ್ತು ಪಟಪಟ ಬಡಿಯುತ್ತಿತ್ತೆಂದು ದೋಣಿಯಲ್ಲಿದ್ದ ಉಳಿದಿಬ್ಬರೂ ಆಮೇಲೆ ಹೇಳಿದರು. ಆದರೆ ಒಂದು ಸಂಗತಿಯ ಬಗ್ಗೆ ನಮ್ಮ ಮೂವರಿಗೂ ಸಂಶಯವಿರಲಿಲ್ಲ: ಮೊದಲು ದೋಣಿ ವಾಲಿತು, ಆಮೇಲೆ ಕಂಬ ಬಿತ್ತು. ಯಾರು ಕೇಳಿದರೂ ಮೂವರೂ ಇದನ್ನೇ ಹೇಳುತ್ತಿದ್ದೆವು.

ಸತತ ಎರಡನೆಯ ವರ್ಷ ಮಳೆ ಕೈಕೊಟ್ಟಿತ್ತು. ಬೀದರ ನಗರಕ್ಕೆ ನೀರು ಬರುವ ಕಾರಂಜಾ ಜಲಾಶಯ ತನ್ನ ದಂಡೆಗಳನ್ನು ಬಿಟ್ಟು ನಡುವಿಗೆ ಸರಿದು ಕೂತಿತ್ತು. ಉಳಿದ ನೀರೆಷ್ಟು, ಅದರ ಕೆಳಗೆ ಕೂತ ಹೂಳೆಷ್ಟು ಎಂದು ಅಳೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದಿದವನು. ಕಂಡದ್ದನ್ನು ಇನ್ನೊಮ್ಮೆ ಅಳೆಯದೆ ನಂಬದ ಸ್ವಭಾವ ಅಲ್ಲಿಂದಲೇ ಅಂಟಿದ್ದು. ಕುಡಿಯುವ ನೀರಿನಲ್ಲಿ ಪೆಟ್ರೋಲಿನ ಎಂಜಿನ್ ಓಡಿಸಬಾರದೆಂದು ಮೊದಲೇ ತಾಕೀತಾಗಿತ್ತು. ಹುಟ್ಟು ಹಾಕುತ್ತ ಅಷ್ಟು ಅಗಲದ ನೀರನ್ನು ಗೆರೆ ಗೆರೆಯಾಗಿ ದಾಟುವುದು ಆಗದ ಮಾತು. ಆಗ ಯಾರೋ ಭಾಲ್ಕಿಯ ಒಂದು ಕಾಲೇಜಿನಲ್ಲಿ ಹಾಯಿಯ ಜೋಡಿದೋಣಿ ಇದೆ, ಅದನ್ನು ನಡೆಸುವ ಟೀಚರ್ ಇದ್ದಾರೆ ಎಂದರು.

ಎರಡು ಸಣಕಲು ಒಡಲುಗಳು, ಅವುಗಳ ನಡುವೆ ಹಗ್ಗದ ಮಂಚದಂತೆ ಬಿಗಿದ ಜಾಲಿಹಾಸು, ಅದರ ಮುಂದಿನ ಅಡ್ಡಪಟ್ಟಿಯ ಮೇಲೆ ನಿಂತ ಎತ್ತರದ ಕಂಬ. ಆ ಕಂಬವನ್ನು ಹಿಡಿದು ನಿಲ್ಲಿಸುವವು ಮೂರೇ ತಂತಿ, ಮುಂದೊಂದು, ಎಡಕ್ಕೊಂದು, ಬಲಕ್ಕೊಂದು. ಟೀಚರ್ ದೈಹಿಕ ಶಿಕ್ಷಣ ಕಲಿಸುವ ಹೆಣ್ಣುಮಗಳು, ಔರಾದ ತಾಲೂಕಿನ ಎಕಂಬಾದವರು. ಕೆಡೆಟ್ ಆಗಿದ್ದಾಗ ಸಮುದ್ರದ ಶಿಬಿರದಲ್ಲಿ ಒಂದೇ ಒಡಲಿನ ಹಾಯಿದೋಣಿ ಕಲಿತಿದ್ದರು. ಕಾಲೇಜಿಗೆ ಬಂದ ಈ ಜೋಡಿದೋಣಿಯನ್ನು ತಾವೇ ನಡೆಸಿ ನೋಡಿ ಪಳಗಿಸಿಕೊಂಡಿದ್ದರು. ಅವರ ಕೆಡೆಟ್ ಹುಡುಗಿಯರು ನೀರಿಲ್ಲದ ಈ ಜಿಲ್ಲೆಯಲ್ಲಿ ಹಾಯಿ ಕಟ್ಟುವುದನ್ನು ಕಲಿಯುತ್ತಿದ್ದರು.

ಮೂರನೆಯವನು ಬೀದರಿನ ಕಾಳುಪೇಟೆ ಗಾಂಧಿ ಗಂಜಿನ ಹಮಾಲ. ಆ ವರ್ಷ ಗಂಜಿಗೆ ತೊಗರಿ ಬಂದಿರಲಿಲ್ಲ. ಕೈಗಾಡಿಗಳು ಗೋಡೆಗೆ ಒರಗಿ ನಿಂತಿದ್ದವು. ಅವನ ಅಣ್ಣತಮ್ಮಂದಿರು ದುಡಿಯಲು ಹೈದರಾಬಾದಿಗೆ ಹೋಗಿದ್ದರು. ಇವನು ಹಗ್ಗ ಎಳೆಯಲು ನಮ್ಮ ಜೊತೆ ಉಳಿದುಕೊಂಡ. ಆಳು ದೊಡ್ಡವನು, ಈಜು ಬರುವುದಿಲ್ಲ. ತೇಲುವ ಅಂಗಿ ತೊಡಿಸಿದಾಗ ಟೀಚರಿಗೆ, ‘ಬಾಯೋರ, ಇದು ನನ್ನ ಎತ್ತತದೋ, ನಾ ಇದನ್ನ ಮುಳುಗಸ್ತೇನೋ, ನೋಡಬೇಕ್ರಿ’ ಎಂದಿದ್ದ.

ಟೀಚರ್ ಮೊದಲ ದಿನವೇ ಒಂದು ಮಾತು ಹೇಳಿದ್ದರು. ಈ ದೋಣಿ ಇಬ್ಬರಿಗೆ ಮಾಡಿದ್ದು. ಮೂವರು ಕೂತರೆ ಎಷ್ಟು ಮುಳುಗುತ್ತದೋ ನೋಡಿಯೇ ಹೊರಡೋಣ. ನಾವು ಮೂವರೂ ಕೂತೆವು. ಒಡಲುಗಳು ನಾಲ್ಕು ಬೆರಳು ಹೆಚ್ಚು ಇಳಿದವು, ಅಷ್ಟೆ. ತೇಲುತ್ತದಲ್ಲ, ಸಾಕು ಎಂದುಕೊಂಡೆವು. ಭಾರದ ಮಿತಿಯೆಂದರೆ ಮುಳುಗುವ ಮಿತಿ ಎಂದು ಮೂವರೂ ತಿಳಿದಿದ್ದೆವು. ಯಾರೂ ಆ ದಿನ ತಲೆಯೆತ್ತಿ ಮೇಲಿನ ತಂತಿಗಳನ್ನು ನೋಡಲಿಲ್ಲ.

ಕೆಲಸದ ಕ್ರಮ ಸರಳ. ಒಂದು ದಂಡೆಯ ಗೂಟದಿಂದ ಎದುರು ದಂಡೆಯ ಗೂಟಕ್ಕೆ ನೇರ ಗೆರೆ ಹಿಡಿಯುವುದು, ನಡುನಡುವೆ ಹಾಯಿ ಸಡಿಲಿಸಿ ನಿಲ್ಲುವುದು. ನಾನು ಸೀಸದ ಗುಂಡು ಕಟ್ಟಿದ ದಾರ ಇಳಿಸಿ ಆಳ ನೋಡುತ್ತಿದ್ದೆ. ಕೆಲವು ಕಡೆ ಕೊಳವೆ ಒತ್ತಿ ತಳದ ಕೆಸರನ್ನು ನೀರಿನ ಸಮೇತ ಅಗಲ ಬಾಯಿಯ ಗಾಜಿನ ಜಾಡಿಗೆ ತುಂಬುತ್ತಿದ್ದೆ. ಪ್ರತಿ ಜಾಡಿಯ ಕುತ್ತಿಗೆಯಲ್ಲಿ, ಬಾಯಿಗೆ ಒಂದು ಬೆರಳು ಕೆಳಗೆ, ಕೆಂಪು ಬಣ್ಣದ ಗೆರೆ. ಆ ಗೆರೆಗೆ ಸರಿಯಾಗಿ ತುಂಬಬೇಕು. ತುಂಬಿದ ಕೂಡಲೇ ಮುಚ್ಚಳ ಹಾಕುವಂತಿಲ್ಲ, ತಳದ ಕೆಸರು ಗಾಳಿಗುಳ್ಳೆ ಬಿಡುತ್ತದೆ. ದಂಡೆಗೆ ಬರುವವರೆಗೆ ಜಾಡಿಗಳು ಬಾಯಿ ತೆರೆದೇ ಕಂಬದ ಬುಡದಲ್ಲಿ ಬಿಗಿದ ಕಟ್ಟಿಗೆಯ ಪೆಟ್ಟಿಗೆಯಲ್ಲಿ ನಿಂತಿರುತ್ತಿದ್ದವು. ಮುಚ್ಚಳಗಳನ್ನು ಹಮಾಲ ತನ್ನ ರುಮಾಲಿನಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ.

ಗಾಳಿ ಜೋರಾದರೆ ಜೋಡಿದೋಣಿಯ ಗಾಳಿ ಬದಿಯ, ಅಂದರೆ ಗಾಳಿ ಬರುವ ಕಡೆಯ, ಒಡಲು ನೀರು ಬಿಟ್ಟು ಏಳತೊಡಗುತ್ತದೆ. ಮೊದಲ ಸಲ ಹಾಗಾದಾಗ ಹಮಾಲ ಯಾರ ಮಾತಿಗೂ ಕಾಯದೆ ಏಳುವ ಬದಿಗೆ ಹಾರಿ ಅಂಚಿನಾಚೆ ಮೈ ಚಾಚಿದ. ದೋಣಿ ಸಮವಾಯಿತು. ಎಲ್ಲಿ ಕಲಿತೆ ಎಂದು ಕೇಳಿದೆ. ಕಣಿಕೆ ಬಂಡಿಯ ಮೇಲೆ ಎಂದ. ನಮ್ಮ ಕಡೆ ಎತ್ತರಕ್ಕೆ ಹೇರಿದ ಜೋಳದ ಕಣಿಕೆಯ ಬಂಡಿ ಇಳಿಜಾರಿನಲ್ಲಿ ಅಡ್ಡ ಹೋಗುವಾಗ ಗಂಡಸರು ಮೇಲಿನ ಬದಿಗೆ ಹಗ್ಗ ಹಿಡಿದು ಜೋತು ಬೀಳುತ್ತಾರೆ. ಬಂಡಿ ಮಗುಚದ ಹಾಗೆ ಮೈಭಾರ ಕೊಡುತ್ತಾರೆ. ನಾನೂ ಎಳೆಯನಾಗಿ ನೋಡಿದ್ದೆ. ಟೀಚರ್ ಎಕಂಬಾದ ತಮ್ಮ ಹೊಲದ ದಾರಿಯಲ್ಲಿ ತಾವೇ ಜೋತು ಬಿದ್ದಿದ್ದರಂತೆ. ಹೀಗಾಗಿ ಮೂವರಿಗೂ ಅದು ಹೊಸತೆನಿಸಲಿಲ್ಲ. ಟೀಚರ್ ಕಂಬದ ತುದಿಯಿಂದ ಇಳಿಬಿಟ್ಟ ತಂತಿಗೆ ಅವನ ಸೊಂಟಪಟ್ಟಿಯನ್ನು ಸಿಕ್ಕಿಸಿ, ಒಡಲಿನ ಅಂಚಿಗೆ ಪಾದ ಒತ್ತಿ ನೀರಿನ ಮೇಲೆ ಅಡ್ಡಕ್ಕೆ ನಿಲ್ಲುವುದನ್ನು ಕಲಿಸಿದರು. ದೋಣಿಯ ಓಟ ಹೆಚ್ಚಿತು. ದಿನಕ್ಕೆ ದಾಟುವ ಗೆರೆಗಳೂ ಹೆಚ್ಚಿದವು. ಇಷ್ಟು ಭಾರದವನು ಸಿಕ್ಕಿದ್ದು ನಮ್ಮ ಪುಣ್ಯ ಎಂದು ಟೀಚರೂ ನಾನೂ ಮಾತಾಡಿಕೊಂಡೆವು.

ಆ ದಿನ ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಎದ್ದಿತು. ಕೊನೆಯ ಗೆರೆ ಮುಗಿಸಿ, ತುಂಬಿದ ಜಾಡಿಗಳೊಡನೆ ದಂಡೆಗೆ ತಿರುಗಿದ್ದೆವು. ಹಮಾಲ ಅಂಚಿನಾಚೆ ನಿಂತಿದ್ದ. ನಾನು ಅವನ ಪಕ್ಕದಲ್ಲಿ ಒಡಲಿನ ಮೇಲೆ ಕೂತು ಬೆನ್ನು ಹೊರಗೆ ಚಾಚಿದ್ದೆ. ಟೀಚರ್ ಚುಕ್ಕಾಣಿ ಹಿಡಿದು ಅದೇ ಬದಿಯ ಹಿಂಭಾಗದಲ್ಲಿದ್ದರು. ದೋಣಿ ಓಡಿದ ಆ ವೇಗ ನನ್ನ ಮೈಗೆ ಇವತ್ತಿಗೂ ಗೊತ್ತು. ಆಮೇಲೆ ನನ್ನ ನೆನಪಿನ ಪ್ರಕಾರ ಇಡೀ ದೋಣಿ ಎದ್ದಿತು, ಆಕಾಶ ಓರೆಯಾಯಿತು, ಪಕ್ಕದ ತಂತಿ ತುಂಡಾಯಿತು, ಕಂಬ ಆಚೆ ಬದಿಗೆ ಹೋಯಿತು.

ಹಮಾಲ ನನ್ನ ಪಕ್ಕದಲ್ಲಿರಲಿಲ್ಲ. ಬೀಳುವ ಕಂಬ ಅವನನ್ನು ಸೊಂಟದ ತಂತಿಯಿಂದ ಸೆಳೆದು, ಜಾಲಿಹಾಸಿನ ಮೇಲಿಂದ ಎಳೆದು ಆಚೆಯ ನೀರಿಗೆ ಎಸೆದಿತ್ತು. ಅವನ ಮೇಲೆ ಹಾಯಿ ಹರಡಿಕೊಂಡಿತ್ತು. ಬಟ್ಟೆಯ ಕೆಳಗೆ ಒಂದು ಉಬ್ಬು ಅತ್ತಿತ್ತ ಸರಿದಾಡುತ್ತಿತ್ತು. ನನ್ನ ಕೈಕಾಲು ಆಡಲಿಲ್ಲ. ಟೀಚರ್ ಹಾರಿದರು, ಹಾಯಿಯ ಅಡಿಗೆ ಮುಳುಗಿ ಕೊಕ್ಕೆ ಬಿಡಿಸಿ ಅವನ ಮುಖವನ್ನು ಗಾಳಿಗೆ ತಂದರು. ಮೀನುಗಾರರು ಬಂದು ನಮ್ಮನ್ನು ಎಳೆದೊಯ್ದರು. ಹಮಾಲನ ಭುಜ ಕಂದಿತ್ತು, ಮೂಳೆ ಮುರಿದಿರಲಿಲ್ಲ. ರುಮಾಲು, ಅದರೊಳಗಿನ ಮುಚ್ಚಳಗಳು ನೀರು ಪಾಲಾಗಿದ್ದವು. ದಂಡೆಯಲ್ಲಿ ಅವನು ಮೊದಲು ಆಡಿದ ಮಾತು ಅದರದ್ದೇ, ‘ಸರ್, ಢಕ್ಕಣ ಎಲ್ಲಾ ಹೋದುವ್ರಿ.’ ನಾನು ಜಾಡಿಗಳ ಬಾಯಿಗೆ ಊಟ ಕಟ್ಟಿ ತಂದಿದ್ದ ಪ್ಲಾಸ್ಟಿಕ್ ಹರಿದು ದಾರ ಸುತ್ತಿದೆ.

ಜಲಾಶಯದ ಮೇಲ್ವಿಚಾರಣೆಯ ಎಂಜಿನಿಯರ್ ದಂಡೆಗೆ ಬಂದ. ಏನಾಯಿತೆಂದು ಕೇಳಿದ. ದೋಣಿ ವಾಲಿತು ಎಂದು ಹಮಾಲ ಹೇಳಿದ, ನಾನೂ ಹೇಳಿದೆ. ಟೀಚರ್ ಒದ್ದೆ ಬಟ್ಟೆಯಲ್ಲೇ ನಿಂತು, ಗಾಳಿ ಬಂದಾಗ ತಾನು ಹಾಯಿ ಬಿಡುವುದರಲ್ಲಿ ತಡ ಮಾಡಿರಬೇಕು, ದೋಣಿ ವಾಲಲು ಬಿಟ್ಟದ್ದು ತನ್ನ ತಪ್ಪು ಎಂದರು.

‘ಹೆಣ್ಮಕ್ಕಳ ಕೈಯಾಗ ಕೊಟ್ರ ಇನ್ನೇನ್ ಆಗ್ತದ್ರಿ,’ ಎಂದು ಎಂಜಿನಿಯರ್ ನನ್ನ ಕಡೆ ನೋಡಿ ನಕ್ಕ.

ಬರುವ ಸೋಮವಾರ ಮೇಲಿನವರು ಬರುತ್ತಾರೆ, ಆಗ ಮೂವರೂ ಇದನ್ನೇ ಹೇಳಿ ಎಂದ. ಟೀಚರ್ ಒಪ್ಪಿಕೊಂಡಾಗಿದೆ, ದೋಣಿ ಬೇರೆ ಜಿಲ್ಲೆಗೆ ಹೋಗುತ್ತದೆ, ಅವರು ಇನ್ನು ನೀರಿಗೆ ಇಳಿಯುವಂತಿಲ್ಲ ಎಂದೂ ಅವನೇ ಹೇಳಿದ. ಕೆಡೆಟ್ ಹುಡುಗಿಯರ ವಿಷಯ ಯಾರೂ ಎತ್ತಲಿಲ್ಲ. ಟೀಚರ್ ರಜೆ ಹಾಕಿ ಎಕಂಬಾಕ್ಕೆ ಹೊರಟುಹೋದರು.

ಬೀದರಿನ ನನ್ನ ಕೋಣೆಯ ಕಿಟಕಿಯಲ್ಲಿ ಜಾಡಿಗಳನ್ನು ಸಾಲಾಗಿ ಇಟ್ಟಿದ್ದೆ. ಎರಡು ದಿನ ಅವನ್ನು ಸರಿಯಾಗಿ ನೋಡಲೂ ಇಲ್ಲ. ಮೂರನೆಯ ಬೆಳಿಗ್ಗೆ ಬಿಸಿಲು ಗಾಜಿಗೆ ಬಿದ್ದಾಗ ಕೆಂಪು ಗೆರೆಗಳು ಕಂಡವು. ಪ್ರತಿ ಜಾಡಿಯಲ್ಲೂ ನೀರು ಸರಿಯಾಗಿ ಗೆರೆಯ ಮೇಲೆ ನಿಂತಿತ್ತು.

ಆಕಾಶ ಓರೆಯಾಗುವಷ್ಟು ದೋಣಿ ವಾಲಿದ್ದರೆ ಈ ನೀರು ಇಲ್ಲಿ ಇರುವ ಹಾಗಿರಲಿಲ್ಲ. ಒಂದು ಖಾಲಿ ಜಾಡಿಗೆ ಗೆರೆಯವರೆಗೆ ನೀರು ತುಂಬಿ, ಹಲಗೆಯ ಮೇಲಿಟ್ಟು, ಹಲಗೆಯ ತುದಿ ಎತ್ತಿದೆ. ನನ್ನ ನೆನಪಿನ ವಾಲಿಕೆಯ ಅರ್ಧಕ್ಕೂ ಮೊದಲೇ ನೀರು ನೆಲಕ್ಕೆ ಬಿತ್ತು. ಮತ್ತೆ ತುಂಬಿ ಮತ್ತೆ ಎತ್ತಿದೆ. ಮತ್ತೆ ಬಿತ್ತು.

ನನ್ನ ಸ್ವಭಾವಕ್ಕೆ ತಕ್ಕಂತೆ ಜಾಡಿಗಳ ಮೇಲೂ ಸಂಶಯಪಟ್ಟೆ. ಆ ಹೊತ್ತಿಗೆ ಮುಚ್ಚಳ ಹಾಕಿದ್ದೆವೋ? ಹಾಕಿದ್ದರೆ ಮುಚ್ಚಳಗಳು ಹಮಾಲನ ಜೊತೆ ನೀರಿಗೆ ಹೋಗುತ್ತಿರಲಿಲ್ಲ. ಜಾಡಿಗಳ ಬಾಯಿಗೆ ನಾನೇ ಸುತ್ತಿದ ಪ್ಲಾಸ್ಟಿಕ್ ಇನ್ನೂ ಇತ್ತು. ಅಲೆಯ ನೀರು ಸಿಡಿದು ಮತ್ತೆ ತುಂಬಿತೋ? ಸಿಡಿದ ನೀರು ಎಲ್ಲ ಜಾಡಿಗಳಲ್ಲೂ ಅದೇ ಗೆರೆಗೆ ಬಂದು ನಿಲ್ಲುವುದಿಲ್ಲ. ಉಳಿದದ್ದು ಒಂದೇ. ದೋಣಿ ವಾಲಿರಲಿಲ್ಲ. ನಾನು ಕಣ್ಣಾರೆ ಕಂಡು, ಬಾಯಾರೆ ಹೇಳಿದ ಸಂಗತಿ ನಡೆದೇ ಇರಲಿಲ್ಲ. ಹಮಾಲ ನೀರಿಗೆ ಬಿದ್ದಾಗಲೂ ಇಷ್ಟು ಹೆದರಿರಲಿಲ್ಲ. ಅವತ್ತು ಕೈಕಾಲು ಮಾತ್ರ ಸೋತಿದ್ದವು.

ಗಂಜಿಗೆ ಹೋಗಿ ಹಮಾಲನನ್ನು ಕಂಡೆ. ಭುಜಕ್ಕೆ ಅರಿಶಿಣ ಮೆತ್ತಿಕೊಂಡು ಖಾಲಿ ಅಡತಿ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ. ಜಾಡಿಯ ಮಾತು ಹೇಳಿದೆ. ಅವನು ತಲೆ ಅಲ್ಲಾಡಿಸಿದ. ತಾನೂ ವಾಲಿದ್ದನ್ನು ನೋಡಿದ್ದೇನೆ ಎಂದ. ನಾನು ಅವನನ್ನು ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸಿದೆ, ಆಮೇಲೆ ನಾನು ನಿಂತೆ. ಅಡತಿಯವ ಕನ್ನಡಕ ಮೇಲೇರಿಸಿ ಇದನ್ನೇ ನೋಡುತ್ತಿದ್ದ.

‘ತೊಗರಿ ಇಲ್ದ ವರ್ಷ ಮಂದಿನ್ನೇ ತೂಗ್ಲತೀರೇನ್ರಿ? ಇಂವ ಒಬ್ಬ ಒಂದ್ ಚೀಲದ ಮಾಲ್ ಆದ. ನಿಮ್ಮದು ಜರಾ ಹಲ್ಕಾ ಅದ, ಧಾರಣಿ ಬರಲ್ಲ.’

ಹಮಾಲ ನಕ್ಕು ಭುಜ ಹಿಡಿದುಕೊಂಡ. ನಮ್ಮಿಬ್ಬರ ತೂಕಕ್ಕೆ ಟೀಚರ್ ಹೇಳಿದ್ದ ಅವರ ತೂಕ ಸೇರಿಸಿದರೆ, ಇಬ್ಬರು ಸಾಧಾರಣ ಆಳುಗಳ ಭಾರಕ್ಕಿಂತ ಮತ್ತರ್ಧ ಹೆಚ್ಚು. ಅದೆಲ್ಲವೂ ಒಂದೇ ಬದಿಗೆ, ಅಂಚಿನ ಆಚೆಗೆ.

ಮಧ್ಯಾಹ್ನದ ಬಸ್ಸಿಗೆ ಭಾಲ್ಕಿಗೆ ಹೋದೆ. ರೈಲು ನಿಲ್ದಾಣದ ಎದುರು ಗಂಟುಮೂಟೆ, ಪಾತ್ರೆ, ಸುತ್ತಿದ ಚಾಪೆಗಳ ಜೊತೆ ಜನ ರಸ್ತೆಯವರೆಗೂ ಕೂತಿದ್ದರು. ಅವರ ನಡುವೆ ದಾರಿ ಮಾಡಿಕೊಂಡು ಟಂಟಂ ಆಟೋ ಹಿಡಿದು ದಂಡೆ ಮುಟ್ಟಿದೆ. ಮುರಿದ ದೋಣಿ ಒಣಗಿದ ಕೆಸರಿನ ಮೇಲಿತ್ತು. ತುಂಡಾದ ತಂತಿಯನ್ನು ಹುಡುಕಿದೆ. ಯಾವ ತಂತಿಯೂ ತುಂಡಾಗಿರಲಿಲ್ಲ. ಗಾಳಿ ಬದಿಯ ತಂತಿ ಬುಡದಿಂದ ತುದಿಯವರೆಗೆ ಇಡಿಯಾಗಿತ್ತು. ಅದನ್ನು ಒಡಲಿಗೆ ಹಿಡಿದಿದ್ದ ಉಕ್ಕಿನ ಪಿನ್ನು ಮಾತ್ರ ಒಳಗೆ ಬಾಗಿ, ಕತ್ತರಿಸಿದ ಹಾಗೆ ಎರಡಾಗಿತ್ತು. ಅಂದರೆ ನೆನಪಿನ ಎರಡನೆಯ ಚಿತ್ರವೂ ಸುಳ್ಳು. ಆ ಪಿನ್ನಿನ ತುಂಡನ್ನು ಜೇಬಿಗೆ ಹಾಕಿಕೊಂಡು ಅಲ್ಲೇ ಒಡಲಿನ ನೆರಳಿನಲ್ಲಿ ಕೂತು ಯೋಚಿಸಿದೆ.

ಗಾಳಿ ಹೆಚ್ಚಾದಾಗ ದೋಣಿ ವಾಲುವುದು ಅದರ ತಪ್ಪಿಸಿಕೊಳ್ಳುವ ದಾರಿ. ವಾಲಿದಷ್ಟೂ ಹಾಯಿಯಿಂದ ಗಾಳಿ ಜಾರುತ್ತದೆ, ಒತ್ತಡ ಇಳಿಯುತ್ತದೆ. ಆಗ ಚುಕ್ಕಾಣಿ ಹಿಡಿದವರಿಗೂ ಗೊತ್ತಾಗುತ್ತದೆ, ಅವರು ಹಾಯಿ ಸಡಿಲಿಸುತ್ತಾರೆ. ನಾವು ಮೂವರು ಜೋತುಬಿದ್ದು ಆ ದಾರಿ ಮುಚ್ಚಿದ್ದೆವು. ದೋಣಿ ಏಳಲಿಲ್ಲ, ಗಾಳಿ ಜಾರಲಿಲ್ಲ, ಟೀಚರಿಗೆ ಯಾವ ಸೂಚನೆಯೂ ಸಿಗಲಿಲ್ಲ. ಅತ್ತ ಗಾಳಿ, ಇತ್ತ ನಮ್ಮ ಭಾರ, ನಡುವೆ ಹಗ್ಗಜಗ್ಗಾಟದ ಹಗ್ಗದಂತೆ ಒಂದೇ ತಂತಿ, ಅದರ ಬುಡದಲ್ಲಿ ಒಂದು ಪಿನ್ನು. ಪಿನ್ನು ಹಳೆಯದು, ಒಪ್ಪುತ್ತೇನೆ. ಆದರೆ ಇಬ್ಬರು ಕೂತಾಗ ಅದು ತಡೆದಿತ್ತು. ಇಬ್ಬರ ಮಿತಿ ಮುಳುಗುವುದರ ಮಿತಿ ಆಗಿರಲೇ ಇಲ್ಲ. ಕಣಿಕೆ ಬಂಡಿಗೆ ಕಂಬವಿಲ್ಲ, ಹಾಯಿಯಿಲ್ಲ. ಅಲ್ಲಿ ಎಷ್ಟು ಜನ ಜೋತುಬಿದ್ದರೂ ಒಳ್ಳೆಯದೇ. ನಾವು ಬಂಡಿಯ ಬುದ್ಧಿಯನ್ನು ಹಾಗೇ ದೋಣಿಗೆ ತಂದಿದ್ದೆವು.

ಮತ್ತೆ ಮೂವರಿಗೂ ವಾಲಿದ್ದು ಕಂಡದ್ದು ಹೇಗೆ? ವಿಶಾಲ ನೀರಿನ ನಡುವೆ ನಮ್ಮ ಕಣ್ಣಿಗೆ ನೆಟ್ಟಗೆ ನಿಂತದ್ದು ಆ ಕಂಬವೊಂದೇ. ನೆಟ್ಟಗಿನ ಅಳತೆಯೇ ಅದು. ಅದು ವಾಲಿದಾಗ ನಾವು ವಾಲಿದೆವು ಎಂದು ಕಣ್ಣು ಲೆಕ್ಕ ಹಾಕಿತು. ಆಮೇಲೆ ದಂಡೆಯಲ್ಲಿ ಒಬ್ಬರು ಹೇಳಿದ್ದು ಇನ್ನೊಬ್ಬರಲ್ಲಿ ಗಟ್ಟಿಯಾಯಿತು. ಇದು ನನ್ನ ಊಹೆ. ಊಹೆ ಎಂದೇ ಇಲ್ಲಿ ಬರೆಯುತ್ತಿದ್ದೇನೆ.

ಮರುದಿನ ಔರಾದ ದಾರಿಯಲ್ಲಿ ಎಕಂಬಾಕ್ಕೆ ಹೋದೆ. ಟೀಚರ್ ಅಂಗಳದಲ್ಲಿ ಹರಿದ ಹಾಯಿಯನ್ನು ಹರಡಿಕೊಂಡು ಹೊಲಿಯುತ್ತಿದ್ದರು. ಬೇರೆ ಜಿಲ್ಲೆಗೆ ಹೋಗುವ ದೋಣಿಯ ಹಾಯಿ ಹರಿದೇ ಹೋಗಬಾರದಂತೆ. ನಿವೃತ್ತ ಮಾಸ್ತರರಾದ ಅವರ ತಂದೆ ನೀರು ತಂದುಕೊಟ್ಟು, ಮಗಳು ಊಟ ಸರಿಯಾಗಿ ಮಾಡುತ್ತಿಲ್ಲವೆಂದು ದೂರಿ ಒಳಗೆ ಹೋದರು. ನಾನು ಜಾಡಿಯೊಂದನ್ನು ಅವರ ಮುಂದಿಟ್ಟೆ, ಪಿನ್ನು ತೋರಿಸಿದೆ, ಎಲ್ಲವನ್ನೂ ಹೇಳಿದೆ. ಖುಷಿಪಡುತ್ತಾರೆ ಎಂದುಕೊಂಡಿದ್ದೆ.

‘ನಾ ನೋಡೀನ್ರಿ ಸರ್,’ ಎಂದರು. ‘ಒಡಲು ಎದ್ದಿದ್ದು ನೋಡೀನಿ. ಈಗ ಒಂದ್ ಜಾಡಿ ಸಲುವಾಗಿ ನನ್ನ ಕಣ್ಣೇ ಸುಳ್ಳ ಅನ್ಲಿ?’

‘ನನ್ನ ಕಣ್ಣೂ ಸುಳ್ಳೇ ಆಗ್ಯದ್ರಿ.’

‘ನೀವು ನನ್ನ ಉಳಸ್ಲಿಕ್ಕೆ ಬಂದೀರಿ. ಹಮಾಲ ಕಾಕಾ ಹಾಯಿ ತಳಗ ಇದ್ದಾಗ ನಾ ಏನ್ ಅನ್ಕೊಂಡೆ ಗೊತ್ತದೇನ್ರಿ? ಒಬ್ಬ ಮನುಷ್ಯಾನ ಕೊಂದೆ ಅನ್ಕೊಂಡೆ. ಅದು ಜಾಡಿಯಿಂದ ಹೋಗಲ್ಲ.’

ನಾನು ಪಿನ್ನನ್ನು ಅವರ ಅಂಗೈಯಲ್ಲಿಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಆ ದಿನ ಚುಕ್ಕಾಣಿ ಕೈಯಲ್ಲಿ ಹಗುರವಾಗಿಯೇ ಇತ್ತು, ದೋಣಿ ಎದ್ದಿದ್ದರೆ ಅದು ಕೈ ಸೆಳೆಯಬೇಕಿತ್ತು, ಅದನ್ನು ತಾನು ಮರೆತೇಬಿಟ್ಟಿದ್ದೆ ಎಂದರು. ಹಾಗೆ ಹೇಳುವಾಗ ಅವರ ಮುಖ ಬಿಳುಚಿತ್ತು. ನಿರಪರಾಧಿ ಎಂದು ತಿಳಿದವರ ಮುಖ ಹಾಗಿರುತ್ತದೆಂದು ನಾನು ಎಣಿಸಿರಲಿಲ್ಲ. ಆಮೇಲೆ ಸೂಜಿ ಕೆಳಗಿಟ್ಟು, ಸೋಮವಾರ ಎಷ್ಟು ಹೊತ್ತಿಗೆ ಬರಬೇಕೆಂದು ಕೇಳಿದರು.

ಸೋಮವಾರ ನಾನು ನನ್ನ ನೆನಪನ್ನು ಹೇಳುವುದಿಲ್ಲ ಎಂದು ನಿರ್ಧರಿಸಿದ್ದೆ. ದಂಡೆಯಲ್ಲೇ ತೋರಿಸಿದೆವು. ಬಂದ ಹಿರಿಯ ಅಧಿಕಾರಿ, ಎಂಜಿನಿಯರ್ ಮತ್ತಿಬ್ಬರ ಎದುರು ಪೆಟ್ಟಿಗೆಯನ್ನು ಅದರ ಜಾಗದಲ್ಲೇ ಬಿಗಿದು, ಜಾಡಿಗಳಿಗೆ ಗೆರೆಯವರೆಗೆ ನೀರು ತುಂಬಿದೆವು. ಹಮಾಲ ಒಂದು ಒಡಲಿನ ಕೆಳಗೆ ಕಲ್ಲಿನ ಮೇಲೆ ಕಲ್ಲು ಒಟ್ಟುತ್ತ ಹೋದ. ಇಷ್ಟು ವಾಲಿತ್ತೇ ಎಂದು ನಾನು ಕೇಳುತ್ತಿದ್ದೆ. ಇನ್ನೂ ಹೆಚ್ಚು ಎಂದು ಅವನೇ ಹೇಳುತ್ತಿದ್ದ. ಅವನು ಸಾಕು ಎನ್ನುವ ಮೊದಲೇ ಜಾಡಿಗಳು ತುಳುಕಿದವು. ಕಲ್ಲು ಹಿಡಿದ ಹಮಾಲ ಒದ್ದೆಯಾದ ಜಾಲಿಹಾಸನ್ನೇ ನೋಡುತ್ತ ನಿಂತುಬಿಟ್ಟ. ಆಮೇಲೆ ಕೋಣೆಯ ಕಿಟಕಿಯಿಂದ ತಂದಿದ್ದ ಆ ದಿನದ ಜಾಡಿಗಳನ್ನು ಅವುಗಳ ಪಕ್ಕ ಇಟ್ಟೆ.

‘ಹಂಗಾದ್ರ ಮೂರೂ ಮಂದಿ ಸುಳ್ಳ ಹೇಳಿದ್ರೇನು?’ ಎಂದ ಎಂಜಿನಿಯರ್.

‘ಸುಳ್ಳಲ್ರೀ, ಖರೇ ಅಂತ ತಿಳ್ಕೊಂಡೇ ಹೇಳಿದ್ವಿ,’ ಎಂದರು ಟೀಚರ್. ‘ದೋಣಿ ವಾಲ್ಲಿಲ್ಲ. ಅದಕ್ಕೇ ಕಂಬ ಬಿತ್ತು.’

ಹಿರಿಯ ಅಧಿಕಾರಿ ಪಿನ್ನನ್ನು ಬಹಳ ಹೊತ್ತು ನೋಡಿದರು. ಮುಂದೆ ಇಬ್ಬರಿಗಿಂತ ಹೆಚ್ಚು ಜನ ಕೂರಬಾರದು, ಗಾಳಿ ಎದ್ದರೆ ಹಾಯಿ ಮಡಿಸಿ ಚಿಕ್ಕದು ಮಾಡಬೇಕು, ಪಿನ್ನುಗಳೆಲ್ಲ ಹೊಸವಾಗಬೇಕು ಎಂದರು. ದೋಣಿ ಇಲ್ಲಿಯೇ ಇರುತ್ತದೆ, ಟೀಚರ್ ನಡೆಸುತ್ತಾರೆ.

ಯಾರು ಇಬ್ಬರು ಎಂಬ ಪ್ರಶ್ನೆ ಉಳಿಯಿತು. ನಾನು ಅಳೆಯುವವನು, ನಾನಿರಲೇಬೇಕು ಎಂದುಕೊಂಡಿದ್ದೆ. ಹಗ್ಗ ಎಳೆಯಲು ಭುಜಬಲ ಬೇಕು, ಗುಂಡು ಇಳಿಸಿ ಗುರುತು ಓದುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು ಎಂದು ಟೀಚರ್ ಮೆಲ್ಲಗೆ ಲೆಕ್ಕ ಹೇಳಿದರು. ಅವರೂ ಹಮಾಲನೂ ಸೇರಿದರೆ ಇಬ್ಬರ ಮಿತಿಯೊಳಗೇ ಬರುತ್ತಾರೆ.

‘ನೀವು ಇಳೀರಿ ಸರ್.’

ಇಳಿದೆ. ಹಮಾಲನಿಗೆ ನೀರಿನ ಭಯವಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ, ಹೈದರಾಬಾದಿನಲ್ಲಿ ಮೂರನೆಯ ಮಾಳಿಗೆಯ ಮೇಲೆ ಇಟ್ಟಿಗೆ ಹೊರುವುದಕ್ಕಿಂತ ಇದು ವಾಸಿ, ಬಿದ್ದರೆ ಬಾಯೋರು ಹಾರುತ್ತಾರೆ ಎಂದ. ಹೊಸ ರುಮಾಲಿನಲ್ಲಿ ಹೊಸ ಮುಚ್ಚಳಗಳನ್ನು ಕಟ್ಟಿಕೊಂಡು ಹೋದ.

ಕಂಬ ಮತ್ತೆ ನಿಂತ ದಿನ ನಾನು ದಂಡೆಯ ಗೂಟದ ಹತ್ತಿರ, ಪಂಪಿನ ಮನೆಯ ಕಾವಲುಗಾರನ ಪಕ್ಕದಲ್ಲಿ ನಿಂತಿದ್ದೆ. ಹೊಲಿದ ಹಾಯಿ ಅರ್ಧವೇ ಏರಿತ್ತು. ನಡುನೀರಿಗೆ ಹೋದಾಗ ಗಾಳಿ ಬೀಸಿತು. ಗಾಳಿ ಬದಿಯ ಒಡಲು ನಿಧಾನವಾಗಿ ನೀರು ಬಿಟ್ಟು ಎದ್ದಿತು. ಅದರ ಅಡಿಯ ಬಿಳುಪು ಕಂಡಿತು. ಹಮಾಲ ಅಂಚಿಗೆ ಹಾರಲಿಲ್ಲ, ಒಳಗೇ ಕೂತಿದ್ದ. ಟೀಚರ್ ಹಾಯಿ ಸಡಿಲಿಸಿದರು, ಬಟ್ಟೆ ಒಮ್ಮೆ ಬಡಿದುಕೊಂಡಿತು.

ಇಷ್ಟನ್ನು ನಾನು ನೋಡಿದೆ. ನೋಡಿದೆನೆಂದು ನನಗೆ ಅನಿಸಿತು. ಪಕ್ಕದವನ ತೋಳು ಹಿಡಿದು, ಈಗ ದೋಣಿ ವಾಲಿತಲ್ಲವೇ ಎಂದು ಕೇಳಿದೆ. ಅವನು ನನ್ನ ಕೈಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿದ.

‘ಹೌದ್ರಿ, ವಾಲಿತ್ರಿ. ಯಾಕ ಅಂಜ್ತೀರಿ? ಮತ್ತ ಸಮ ಆತಲ್ಲ.’